‘ಶರಪಂಜರ’ದ ಕಾವೇರಿಯೂ ಹೊಸೂರು ರಸ್ತೆಯೂ

೧೮೯೯ನೆಯ ಇಸವಿಯಲ್ಲಿ ಎರಡು ಕಾದಂಬರಿಗಳು ಹೊರಬಂದುವು. ಒಂದು, ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’. ಮತ್ತೊಂದು, ಅಮೆರಿಕದ ಲೇಖಕಿ ಕೇಟ್ ಶೋಪಾನ್ ಬರೆದ ‘ದಿ ಅವೇಕನಿಂಗ್’. ‘ಎಚ್ಚರ’ ಎಂದು ಕನ್ನಡದಲ್ಲಿ ಕರೆಯಬಹುದು. ಒಂದನ್ನು ಬರೆದವರು ದಕ್ಷಿಣ ಕನ್ನಡದ ಪೊಲೀಸ್ ಅಧಿಕಾರಿ. ಇನ್ನೊಂದನ್ನು ಬರೆದವಳು ಆರು ಮಕ್ಕಳನ್ನು ಸಾಕಿದ ವಿಧವೆ. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿರುವ ಸಂಭವವೇ ಇಲ್ಲ. ಆದರೂ ಎರಡೂ ಪುಸ್ತಕಗಳು ಹೆಣ್ಣೊಬ್ಬಳು ಮನೆಯ ಹೊಸಿಲು ದಾಟುವ ಕಥೆಯನ್ನೇ ಹೇಳುತ್ತವೆ.

ದಾಟಿದ ಮೇಲೆ ಆಗುವುದು ಮಾತ್ರ ಬೇರೆ ಬೇರೆ. ನ್ಯೂ ಆರ್ಲಿಯನ್ಸಿನ ಎಡ್ನಾ ಮದುವೆಯಾದವಳು, ಎರಡು ಗಂಡುಮಕ್ಕಳ ತಾಯಿ, ಕೈತುಂಬ ಸಂಪಾದಿಸುವ ವ್ಯಾಪಾರಸ್ಥನ ಹೆಂಡತಿ. ಗಂಡನ ದೊಡ್ಡ ಮನೆಯನ್ನು ಬಿಟ್ಟು, ತಾನು ಬರೆದ ಚಿತ್ರಗಳನ್ನು ಮಾರಿ ಬಂದ ಹಣ, ತಾಯಿಯ ಕಡೆಯಿಂದ ಬಂದ ಅಲ್ಪ ಸ್ವಲ್ಪ ಇವುಗಳ ಬಲದಿಂದ, ಅದೇ ಬೀದಿಯ ಮಗ್ಗುಲಲ್ಲಿ ಒಂದು ಪುಟ್ಟ ಮನೆ ಹಿಡಿಯುತ್ತಾಳೆ. ಕೊನೆಗೆ ಕಡಲಿಗಿಳಿದು ಈಜುತ್ತ ಈಜುತ್ತ ಹಿಂದಿರುಗದೆ ಹೋಗುತ್ತಾಳೆ. ನಮ್ಮ ಇಂದಿರೆ ಸಾಯುವುದಿಲ್ಲ. ತಾಯಿತಂದೆಗಳ ಮನೆಯಿಂದ ತಪ್ಪಿಸಿಕೊಂಡು ಅಮೃತರಾಯರ ಆಶ್ರಯಕ್ಕೆ ಬಂದು, ಶಾಲೆಗೆ ಸೇರಿ, ಓದಿ, ವಿಲಾಯತಿಯಿಂದ ದೊಡ್ಡ ಹುದ್ದೆಗೆ ಬಂದ ಭಾಸ್ಕರರಾಯನನ್ನು ಮದುವೆಯಾಗುತ್ತಾಳೆ. ಹಾಗಾದರೆ ನಮ್ಮ ದೇಶದ ಹೆಣ್ಣಿಗೇ ಹೆಚ್ಚು ಸ್ವಾತಂತ್ರ್ಯ ಸಿಕ್ಕಿತೆಂದು ಹೆಮ್ಮೆಪಡಬಹುದೆ? ಅಷ್ಟು ಅವಸರ ಬೇಡ. ಇಂದಿರೆ ವಿಧವೆ. ಅವಳ ಮುಂದಿದ್ದ ಬಾಗಿಲನ್ನು ತೆರೆದದ್ದು ಮೊದಲ ಗಂಡನ ಸಾವು. ಗಂಡನು ಜೀವಂತವಾಗಿದ್ದು, ಮನೆಯಲ್ಲಿ ಅನ್ನವಸ್ತ್ರಗಳಿಗೆ ಕೊರತೆಯಿಲ್ಲದಿದ್ದು, ಆದರೂ ಅಲ್ಲಿ ತನ್ನದೆನ್ನುವುದು ಏನೂ ಇಲ್ಲವೆಂದು ಕಂಡುಕೊಂಡ ಹೆಣ್ಣಿನ ಕಥೆಯನ್ನು ಬರೆಯಲು ನಮ್ಮ ಕಾದಂಬರಿಕಾರರು ಇನ್ನೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡರು.

ಸುಧಾರಣೆಯ ಕಾಲದವರಿಗೆ ವಿಧವೆಯ ದುಃಖ ಕಂಡಷ್ಟು ಸುಲಭವಾಗಿ ಹೆಂಡತಿಯ ದುಃಖ ಕಾಣಲಿಲ್ಲವೆಂಬುದು ನಿಜ. ಇದಕ್ಕೆ ಕಾರಣವೂ ಉಂಟು. ವಿಧವೆಯ ದುಃಖಕ್ಕೆ ಶಾಸ್ತ್ರವನ್ನು ದೂರಬಹುದು, ಆಚಾರವನ್ನು ದೂರಬಹುದು. ಹೆಂಡತಿಯ ದುಃಖಕ್ಕೆ ದೂರಬೇಕಾದವರು ಮನೆಯಲ್ಲೇ, ಊಟದ ಎಲೆಯ ಮುಂದೆಯೇ ಕುಳಿತಿರುತ್ತಾರೆ.

ಹೊಸಗನ್ನಡದ ಮೊದಲ ಕಾದಂಬರಿಗಾರ್ತಿಯೆಂದು ಹೆಸರಾದ ನಂಜನಗೂಡು ತಿರುಮಲಾಂಬ ಅವರ ಉದಾಹರಣೆಯನ್ನೇ ನೋಡಿ. ಹದಿನಾಲ್ಕನೆಯ ವಯಸ್ಸಿನಲ್ಲಿ ವೈಧವ್ಯ ಬಂದ ಈಕೆ, ತಂದೆಯ ಬೆಂಬಲದಿಂದ ಮನೆಯಲ್ಲೇ ಓದಿ, ೧೯೧೩ರಲ್ಲಿ ‘ಸತೀಹಿತೈಷಿಣಿ’ ಎಂಬ ಗ್ರಂಥಮಾಲೆಯನ್ನು ಆರಂಭಿಸಿದರು. ಬರೆದರು, ಅಚ್ಚು ಹಾಕಿಸಿದರು, ಮಾರಿದರು, ಮುಂದೆ ಪತ್ರಿಕೆಗಳನ್ನೂ ನಡೆಸಿದರು. ಆ ಕಾಲದಲ್ಲಿ ಎಷ್ಟು ಮಂದಿ ಗಂಡಸರು ಸ್ವಂತ ಪ್ರಕಾಶನವನ್ನು ಅಷ್ಟು ದಿನ ನಡೆಸಿದ್ದರು? ಆದರೆ ಆ ಮಾಲೆಯ ಮೊದಲ ಹೂವಾದ ‘ಸುಶೀಲೆ’ಯಲ್ಲಿ ಎತ್ತಿ ಹಿಡಿದಿರುವುದು ಪತಿವ್ರತೆಯ ತಾಳ್ಮೆಯನ್ನು. ತಮ್ಮ ಬಾಳಿನಲ್ಲಿ ಯಾರ ಹಂಗೂ ಇಲ್ಲದೆ ಕೆಲಸ ಮಾಡಿದವರು, ಸಂಸಾರವಂದಿಗರಾದ ತಮ್ಮ ಓದುಗರಿಗೆ ಸಹನೆಯನ್ನು ಬೋಧಿಸಿದರು. ಇದನ್ನು ಲೇಖಕಿಯ ದೋಷವೆಂದು ನಾನು ಎಣಿಸುವುದಿಲ್ಲ. ಆ ಪುಸ್ತಕ ಗೃಹಿಣಿಯರ ಕೈಗೆ ಸೇರಬೇಕಾದರೆ ಮೊದಲು ಮನೆಯ ಯಜಮಾನನ ಕಣ್ಣಿಗೆ ಒಪ್ಪಬೇಕಾಗಿದ್ದಿತು. ದುಡ್ಡು ಕೊಡುವವನು ಅವನೇ.

ಈ ಗೋಡೆಯನ್ನು ತಟ್ಟಿ ನೋಡಿದವರು ತ್ರಿವೇಣಿ. ಅನಸೂಯಾ ಶಂಕರ್ ಎಂಬುದು ಅವರ ನಿಜನಾಮಧೇಯ. ೧೯೨೮ರ ಸೆಪ್ಟೆಂಬರ್ ಒಂದರಂದು ಹುಟ್ಟಿದ ಅವರು ೧೯೬೩ರ ಜುಲೈ ೨೯ರಂದು, ಮೂವತ್ತೈದು ತುಂಬುವ ಮೊದಲೇ, ಹೆಣ್ಣುಮಗುವೊಂದನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು. ೧೯೫೩ರ ‘ಅಪಸ್ವರ’ದಿಂದ ಮೊದಲಾದ ಹತ್ತೇ ವರ್ಷಗಳ ಬರವಣಿಗೆಯಲ್ಲಿ ಸುಮಾರು ಇಪ್ಪತ್ತು ಕಾದಂಬರಿಗಳು ಬಂದುವು. ಇದನ್ನೆಲ್ಲ ಅಡಿಗೆಮನೆಯ ಸಾಹಿತ್ಯವೆಂದು ಮೂಗು ಮುರಿದವರುಂಟು. ಅಡಿಗೆಮನೆಯಲ್ಲಿ ಏನು ನಡೆಯುತ್ತದೆಂಬುದನ್ನು ಅಲ್ಲಿಗೆ ಹೋಗಿ ನೋಡದವರು ಹಾಗೆನ್ನುವುದು ಸ್ವಾಭಾವಿಕವೇ.

ಅವರ ‘ಶರಪಂಜರ’ವನ್ನು ಓದದವರೂ ಅದರ ಕಥೆಯನ್ನು ಬಲ್ಲರು. ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರವಾಗಿ ಮಾಡಿ, ಕಲ್ಪನಾ ಕಾವೇರಿಯ ಪಾತ್ರವನ್ನು ಅಭಿನಯಿಸಿದ ಮೇಲೆ, ಕಾವೇರಿಯೆಂದರೆ ಆ ನಟಿಯ ಮುಖವೇ ಜನರ ಕಣ್ಣ ಮುಂದೆ ನಿಲ್ಲುತ್ತದೆ. ಚಿತ್ರದಲ್ಲಿ ಕೂಗು ಹೆಚ್ಚು, ಕಣ್ಣೀರು ಹೆಚ್ಚು. ಪುಸ್ತಕದಲ್ಲಿ ಹೆಚ್ಚು ಕಾಡುವುದು ಸದ್ದಿಲ್ಲದ ಪುಟಗಳು.

ಕಾವೇರಿ ಓದಿದ ಹುಡುಗಿ. ಒಪ್ಪಿ ಮೆಚ್ಚಿದ ಸತೀಶನೊಡನೆ ಅವಳ ಮದುವೆಯಾಗುತ್ತದೆ. ಸುಖದ ಸಂಸಾರ. ಎರಡನೆಯ ಹೆರಿಗೆಯಾದ ಮೇಲೆ ಅವಳ ಬುದ್ಧಿ ಕದಡುತ್ತದೆ. ಹಿಂದೆ ನಮ್ಮ ಹಳ್ಳಿಗಳಲ್ಲಿ ‘ಬಾಣಂತಿ ಸನ್ನಿ’ ಎನ್ನುತ್ತಿದ್ದರಲ್ಲ, ಅದು. ಮಾನಸಿಕ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗಿ, ಗುಣವಾಗಿ, ಮನೆಗೆ ಬರುತ್ತಾಳೆ. ನಿಜವಾದ ಕಥೆ ಆರಂಭವಾಗುವುದು ಇಲ್ಲಿಂದ. ಅವಳು ನಕ್ಕರೆ ಸಂಶಯ, ಅತ್ತರೆ ಸಂಶಯ, ಮಕ್ಕಳನ್ನು ಎತ್ತಿಕೊಂಡರೆ ಹೆದರಿಕೆ. ಕೆಲಸದವರಿಗೂ ಅವಳ ಮಾತು ಹುಚ್ಚಿಯ ಮಾತು. ನೆರೆಹೊರೆಯವರು ದೂರ ಸರಿಯುತ್ತಾರೆ. ಗಂಡನ ಮನಸ್ಸು ಬೇರೊಬ್ಬಳ ಕಡೆಗೆ ಹೊರಳಿದೆಯೆಂಬುದು ಕೊನೆಗೆ ಬಯಲಾಗುತ್ತದೆ. ಅವಳು ಮತ್ತೆ ಕತ್ತಲೆಗೆ ಜಾರುತ್ತಾಳೆ.

ಖಾಂಡವವನ್ನು ಅಗ್ನಿಗೆ ಉಣಿಸುವಾಗ ಅರ್ಜುನನು ಬಾಣಗಳಿಂದ ಕಾಡಿನ ಮೇಲೆ ಹಂದರ ಕಟ್ಟಿದನೆಂದು ಭಾರತದಲ್ಲಿ ಬರುತ್ತದೆ. ಅದು ಇಂದ್ರನ ಮಳೆ ಒಳಗೆ ಬೀಳದಂತೆ ಮಾಡಿದ ಉಪಾಯ. ಶರಪಂಜರವೆಂಬ ಮಾತಿಗೆ ಆ ನೆನಪಿದೆ. ಒಳಗೆ ಬೇಯುತ್ತಿರುವ ಜೀವಗಳ ಮೇಲೆ ತಂಪಿನ ಒಂದು ಹನಿಯೂ ಬೀಳಬಾರದು. ಕಾವೇರಿಯ ಮನೆಯಲ್ಲಿ ಅವಳನ್ನು ಯಾರೂ ಕಟ್ಟಿಹಾಕಿಲ್ಲ. ಬಾಗಿಲಿಗೆ ಬೀಗ ಹಾಕಿಲ್ಲ. ಸುತ್ತ ಇರುವುದು ನೋಟಗಳು ಮಾತ್ರ.

ಕಾವೇರಿ ಬಯಸಿದ್ದು ಸ್ವಾತಂತ್ರ್ಯವನ್ನೇ ಎಂದು ಯಾರಾದರೂ ಕೇಳಬಹುದು. ಅವಳು ಮನೆ ಬಿಟ್ಟು ಹೋಗಲು ಹಂಬಲಿಸಿದವಳಲ್ಲ. ಮನೆಯೊಳಕ್ಕೆ ಮರಳಿ ಬರಲು ಹಂಬಲಿಸಿದವಳು. ತನ್ನ ಒಲೆ, ತನ್ನ ಮಕ್ಕಳು, ತನ್ನ ಮಾತಿಗೆ ಮೊದಲಿದ್ದ ಬೆಲೆ, ಇವಿಷ್ಟೇ ಅವಳಿಗೆ ಬೇಕಾಗಿದ್ದದ್ದು. ನನ್ನ ಎಣಿಕೆಯಲ್ಲಿ ತ್ರಿವೇಣಿಯವರ ಹೆಚ್ಚಳವಿರುವುದು ಇಲ್ಲಿಯೇ. ಬಂಡೆದ್ದ ಹೆಣ್ಣನ್ನು ಚಿತ್ರಿಸಿದ್ದರೆ ಓದುಗರು ಅವಳನ್ನು ತಮ್ಮ ಮನೆಯವಳಲ್ಲವೆಂದು ಬದಿಗಿಡುತ್ತಿದ್ದರು. ಬಂಡೇಳದ, ಒಪ್ಪಿಕೊಂಡು ಬಾಳಲು ಸಿದ್ಧಳಾದ ಹೆಣ್ಣಿಗೂ ಆ ಮನೆಯಲ್ಲಿ ಇದ್ದ ಸ್ಥಾನ ಅವಳದಾಗಿರಲಿಲ್ಲ, ಎರವಲಿನದಾಗಿತ್ತು ಎಂದು ಅವರು ತೋರಿಸಿದರು. ಒಂದು ಕಾಯಿಲೆ ಸಾಕಾಯಿತು, ಎರವಲು ಕೊಟ್ಟವರು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು.

ಕಾನೂನಿನ ಕಡೆಯಿಂದ ಅವಳಿಗೆ ಏನಾದರೂ ಆಸರೆಯಿದ್ದಿತೆ? ಮೈಸೂರು ಸಂಸ್ಥಾನವು ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ೧೯೩೩ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯೊಂದನ್ನು ಮಾಡಿ, ಆಸ್ತಿಯಲ್ಲಿ ಹೆಂಗಸರಿಗೆ ಕೆಲವು ಹಕ್ಕುಗಳನ್ನು ಕೊಟ್ಟಿದ್ದಿತು. ೧೯೫೫ರಲ್ಲಿ ಹಿಂದೂ ವಿವಾಹ ಕಾಯಿದೆ ಬಂದು ವಿಚ್ಛೇದನಕ್ಕೆ ದಾರಿಯಾಯಿತು. ಆದರೆ ಆ ಕಾಯಿದೆ ಮೊದಲು ಇದ್ದ ರೂಪದಲ್ಲಿ ಕಾವೇರಿಯ ಪಾಡನ್ನು ಇಟ್ಟು ನೋಡಿದರೆ ವಿಚಿತ್ರವಾಗಿ ಕಾಣುತ್ತದೆ. ಹೆಂಡತಿಗೆ ವಾಸಿಯಾಗದ ಚಿತ್ತವಿಕಾರವಿದ್ದು ಅದು ಸತತವಾಗಿ ಮೂರು ವರ್ಷ ನಡೆದಿದ್ದರೆ ಗಂಡನು ವಿಚ್ಛೇದನ ಕೇಳಬಹುದಾಗಿದ್ದಿತು. ಗಂಡನು ಬೇರೊಬ್ಬಳ ಸಂಗ ಮಾಡಿದರೆ ಹೆಂಡತಿಯೂ ಕೇಳಬಹುದು; ಆದರೆ ಅವನು ವ್ಯಭಿಚಾರದಲ್ಲಿ ‘ಬಾಳುತ್ತಿದ್ದಾನೆ’ ಎಂದು ಸಿದ್ಧಪಡಿಸಬೇಕು. ಒಂದೆರಡು ಸಲ ನಡೆದದ್ದು ಸಾಲದು. ಈ ಮಾತನ್ನು ತಿದ್ದಿದ್ದು ೧೯೭೬ರಲ್ಲಿ. ೧೯೫೬ರ ಜೀವನಾಂಶದ ಕಾಯಿದೆಯಲ್ಲಿಯೂ ಹೀಗೆಯೇ: ಗಂಡನು ಇನ್ನೊಬ್ಬಳನ್ನು ಮನೆಯಲ್ಲೇ ತಂದಿಟ್ಟುಕೊಂಡರೆ, ಅಥವಾ ಅವಳಲ್ಲಿಯೇ ರೂಢಿಯಾಗಿ ವಾಸಮಾಡಿದರೆ, ಹೆಂಡತಿ ಬೇರೆಯಿದ್ದು ಜೀವನಾಂಶ ಪಡೆಯಬಹುದು. ಸಂಜೆಗೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರುವ ಜಾಣನಿಗೆ ಈ ಮಾತು ಸುಲಭವಾಗಿ ತಗಲುವುದಿಲ್ಲ. ಭಾರತ ದಂಡಸಂಹಿತೆಯ ೪೯೭ನೆಯ ವಿಧಿಯಂತೂ ವ್ಯಭಿಚಾರವನ್ನು ಒಬ್ಬ ಗಂಡಸು ಇನ್ನೊಬ್ಬ ಗಂಡಸಿಗೆ ಮಾಡಿದ ಅಪರಾಧವೆಂದು ಎಣಿಸಿ, ಹೆಂಡತಿಗೆ ಫಿರ್ಯಾದಿನ ಹಕ್ಕನ್ನೇ ಕೊಟ್ಟಿರಲಿಲ್ಲ. ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿದ್ದು ೨೦೧೮ರಲ್ಲಿ.

ಹುಚ್ಚಿಯಾದವಳ ಬಗ್ಗೆ ಕಾಯಿದೆಯಲ್ಲಿ ಮಾತಿದೆ. ಗುಣವಾಗಿ ಬಂದವಳನ್ನು ಮನೆಯವರು ನಂಬದಿದ್ದರೆ ಏನು ಮಾಡಬೇಕೆಂಬುದಕ್ಕೆ ಮಾತಿಲ್ಲ. ಕಾದಂಬರಿ ಹುಟ್ಟಿಕೊಳ್ಳುವುದು ಇಂಥ ಕಡೆ.

೧೯೨೩ರಲ್ಲಿ ಚೀನದ ಲೇಖಕ ಲು ಷುನ್ ಪೀಕಿಂಗಿನ ಮಹಿಳಾ ಶಿಕ್ಷಕಿಯರ ಕಾಲೇಜಿನಲ್ಲಿ ಒಂದು ಉಪನ್ಯಾಸ ಮಾಡಿದ. ಇಬ್ಸನ್ನನ ‘ಗೊಂಬೆಯ ಮನೆ’ ನಾಟಕದ ಕೊನೆಯಲ್ಲಿ ನೋರಾ ಬಾಗಿಲನ್ನು ಹಾಕಿಕೊಂಡು ಹೊರಟುಹೋಗುತ್ತಾಳಷ್ಟೆ. ಆಮೇಲೆ ಅವಳ ಗತಿಯೇನಾಯಿತು ಎಂಬುದು ಅವನ ವಿಷಯ. ಎಚ್ಚತ್ತ ಮನಸ್ಸಿನ ಜೊತೆಗೆ ಅವಳ ಕೈಚೀಲದಲ್ಲಿ ಹಣವೂ ಇರಬೇಕು, ಇಲ್ಲದಿದ್ದರೆ ಅವಳು ಕೆಡಬೇಕು ಅಥವಾ ಹಿಂದಿರುಗಬೇಕು ಎಂಬುದು ಅವನ ವಾದದ ಸಾರ. ಯುರೋಪಿನ ವಿಮರ್ಶಕರು ಬಾಗಿಲಿನ ಸದ್ದನ್ನು ಕುರಿತು ಪುಟಗಟ್ಟಲೆ ಬರೆದರು. ಚೀಲದ ವಿಷಯ ಎತ್ತಿದವನು ಏಷ್ಯಾದವನು. ಕಾವೇರಿಯ ಕೈಯಲ್ಲಿ ಅಂಥ ಚೀಲವಿರಲಿಲ್ಲ. ಸ್ವಂತ ಸಂಪಾದನೆ ಇಲ್ಲ. ಮನೆಯಿಂದ ಹೊರಟರೆ ಅವಳನ್ನು ಪ್ರಶ್ನೆ ಕೇಳದೆ ಒಳಗೆ ಕರೆದುಕೊಳ್ಳುವ ಕಟ್ಟಡವೆಂದರೆ ಆಸ್ಪತ್ರೆಯೊಂದೇ.

ಬೆಂಗಳೂರಿನ ಆ ಆಸ್ಪತ್ರೆಯನ್ನು ವಾಚಕರು ಬಲ್ಲರು. ಹತ್ತೊಂಬತ್ತನೆಯ ಶತಮಾನದಲ್ಲಿ ಹುಚ್ಚಾಸ್ಪತ್ರೆಯೆಂದು ಪೇಟೆಯ ಕಡೆ ಇದ್ದದ್ದು, ೧೯೨೫ರಲ್ಲಿ ಮಾನಸಿಕ ಆಸ್ಪತ್ರೆಯೆಂದು ಹೆಸರು ಪಡೆದು, ೧೯೩೦ರ ದಶಕದಲ್ಲಿ ಹೊಸೂರು ರಸ್ತೆಯ ವಿಶಾಲವಾದ ಆವರಣಕ್ಕೆ ಬಂದಿತು. ೧೯೫೪ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ೧೯೭೪ರಲ್ಲಿ ಎರಡೂ ಸೇರಿ ಈಗಿನ ನಿಮ್ಹಾನ್ಸ್ ಆಯಿತು. ತ್ರಿವೇಣಿಯವರು ಬರೆಯುತ್ತಿದ್ದ ದಿನಗಳಲ್ಲಿ ಊರು ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತಿದ್ದಿತು. ಅದರಿಂದಾಚೆಗೆ ಹೊಸೂರು ರಸ್ತೆಯೆಂದರೆ ಹೊಲ, ಕೆರೆ, ತೋಪು, ಮಡಿವಾಳ, ಬೊಮ್ಮನಹಳ್ಳಿಗಳಂಥ ಗ್ರಾಮಗಳು. ಹುಚ್ಚಾಸ್ಪತ್ರೆ ಊರಾಚೆ ಇರುವುದು ಆ ಕಾಲದ ಪದ್ಧತಿ.

ಇಂದು ಅದೇ ರಸ್ತೆಯಲ್ಲಿ ಮುಂದಕ್ಕೆ ಸಾಗಿದರೆ ಆಸ್ಪತ್ರೆ ನಗರದ ನಡುವೆ ಉಳಿದುಹೋಗುತ್ತದೆ. ಬೊಮ್ಮನಹಳ್ಳಿಯಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಗಳು. ಜನ ಅದನ್ನು ‘ಗಾರ್ಮೆಂಟ್ಸ್’ ಎಂದೇ ಕರೆಯುತ್ತಾರೆ. ಅನಂತರ ಸಿಂಗಸಂದ್ರ, ಆಮೇಲೆ ೧೯೭೮ರಲ್ಲಿ ಕಿಯೋನಿಕ್ಸ್ ಸಂಸ್ಥೆಯವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ೩೩೨ ಎಕರೆ ಜಮೀನಿನಲ್ಲಿ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿ, ಅದರಾಚೆ ಹೆಬ್ಬಗೋಡಿ, ಬೊಮ್ಮಸಂದ್ರ. ಊರಿನ ಇನ್ನೊಂದು ಮಗ್ಗುಲಲ್ಲಿ, ತುಮಕೂರು ರಸ್ತೆಯ ಪೀಣ್ಯದಲ್ಲಿಯೂ ಇಂಥದೇ ನೋಟ. ಸಂಜೆ ಪಾಳಿ ಬಿಡುವ ಹೊತ್ತಿಗೆ ಗೇಟುಗಳಿಂದ ಹೊರಬರುವ ಜನಪ್ರವಾಹದಲ್ಲಿ ಬಹುಪಾಲು ಹೆಂಗಸರು. ಅವರಲ್ಲಿ ಅನೇಕರ ಕೊರಳಲ್ಲಿ ತಾಳಿ, ಕೈಯಲ್ಲಿ ಊಟದ ಡಬ್ಬಿ. ಗೇಟಿನ ಎದುರೇ ತಳ್ಳುಗಾಡಿಗಳಲ್ಲಿ ಸೊಪ್ಪು, ಟೊಮೇಟೊ. ಯಂತ್ರದ ಮುಂದೆ ಒಂದು ದಿನ ಮುಗಿದು, ಒಲೆಯ ಮುಂದೆ ಇನ್ನೊಂದು ದಿನ ಆರಂಭವಾಗುತ್ತದೆ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಬೀದಿಗಳಲ್ಲಿ ‘ಲೇಡೀಸ್ ಪಿ.ಜಿ.’ ಎಂಬ ಫಲಕಗಳನ್ನು ಎಲ್ಲೆಲ್ಲಿಯೂ ಕಾಣಬಹುದು. ಹೆಣ್ಣೊಬ್ಬಳು ಒಂಟಿಯಾಗಿ ಒಂದು ಮಂಚ, ಒಂದು ಬೀರುವನ್ನು ತಿಂಗಳ ಬಾಡಿಗೆಗೆ ಹಿಡಿಯಬಹುದು. ಯಾರ ಮಗಳು, ಯಾರ ಹೆಂಡತಿ ಎಂಬ ವಿಚಾರಣೆ ಹೆಚ್ಚಿಲ್ಲ. ಎಡ್ನಾಳ ಪುಟ್ಟ ಮನೆಗೆ ಇದು ದೂರದ ನಂಟು. ಆದರೆ ಆ ಮಂಚ ಒಬ್ಬಳಿಗೆ ಮಾತ್ರ. ಎರಡು ಮಕ್ಕಳ ಕೈ ಹಿಡಿದು ಬಂದವಳಿಗೆ ಅಲ್ಲಿ ಜಾಗವಿಲ್ಲ. ಕಾವೇರಿಯಂಥವಳಿಗೆ ಬೇಕಾಗಿದ್ದದ್ದು ಮಕ್ಕಳನ್ನು ಬಿಟ್ಟು ಹೋಗುವ ಸ್ವಾತಂತ್ರ್ಯವಲ್ಲ. ೧೯೪೮ರ ಕಾರ್ಖಾನೆ ಕಾಯಿದೆಯಲ್ಲಿ ಐವತ್ತಕ್ಕೂ ಹೆಚ್ಚು ಹೆಂಗಸರು ದುಡಿಯುವ ಕಡೆ ಶಿಶುಮಂದಿರವಿರಬೇಕೆಂದು ವಿಧಿಸಿದ್ದರು; ೧೯೭೬ರಲ್ಲಿ ಆ ಸಂಖ್ಯೆಯನ್ನು ಮೂವತ್ತಕ್ಕೆ ಇಳಿಸಿದರು. ವಿವಾಹಿತೆಯ ಸ್ವಾತಂತ್ರ್ಯವನ್ನು ಕುರಿತು ನಮ್ಮ ಎಷ್ಟೋ ಭಾಷಣಗಳಿಗಿಂತ ಈ ತಿದ್ದುಪಡಿಯಲ್ಲಿ ಹೆಚ್ಚು ವಿವೇಕವಿದೆಯೆಂದು ನನಗೆ ತೋರುತ್ತದೆ.

ಇನ್ನು ಚೀಲದ ಮಾತು. ಸಂಬಳ ಕೈಗೆ ಬಂದ ಮಾತ್ರಕ್ಕೆ ಅದು ಅವಳದಾಗುವುದಿಲ್ಲ. ಬಾಡಿಗೆ, ರೇಷನ್, ಶಾಲೆಯ ಶುಲ್ಕ, ಚೀಟಿಯ ಕಂತು, ಹಲವೆಡೆ ಗಂಡನ ಕುಡಿತ ಎಲ್ಲವೂ ಅದಕ್ಕೆ ಕೈಚಾಚುತ್ತವೆ. ಅವಳ ಹೆಸರಿನಲ್ಲಿ, ಯಾರ ಕೈಗೂ ಸುಲಭವಾಗಿ ಸಿಕ್ಕದಂತೆ ಬೆಳೆಯುವುದು ಭವಿಷ್ಯನಿಧಿ, ಎಲ್ಲರೂ ಹೇಳುವ ಹಾಗೆ ಪಿ.ಎಫ್. ತಿಂಗಳಿಗೆ ಎಂಟು ಸಾವಿರ ರೂಪಾಯಿ ಸಂಬಳವೆಂದಿಟ್ಟುಕೊಂಡರೆ, ನೂರಕ್ಕೆ ಹನ್ನೆರಡರಂತೆ ಅವಳ ಪಾಲು ೯೬೦ ರೂಪಾಯಿ. ಮಾಲೀಕರ ಹನ್ನೆರಡರಲ್ಲಿ ೮.೩೩ ಪಿಂಚಣಿಗೆ ಹೋಗಿ, ಉಳಿದ ೩.೬೭, ಅಂದರೆ ಸುಮಾರು ೨೯೩ ರೂಪಾಯಿ, ಅವಳ ನಿಧಿಗೆ ಸೇರುತ್ತದೆ. ಕೆಲಸ ಬಿಟ್ಟು, ಈ ಗಂಟನ್ನು ತೆಗೆದುಕೊಂಡು ಮಗಳ ಮದುವೆಗೋ ಮಗನ ಓದಿಗೋ ಸಾಲ ತೀರಿಸುವುದಕ್ಕೋ ಬಳಸಿ, ಮತ್ತೊಂದು ಕಾರ್ಖಾನೆಗೆ ಸೇರುವುದು ಈ ಹೆಂಗಸರಲ್ಲಿ ರೂಢಿ. ಅರ್ಥಶಾಸ್ತ್ರಜ್ಞರು ಇದನ್ನು ಮುಂದಾಲೋಚನೆಯಿಲ್ಲದ ನಡತೆ ಎನ್ನುತ್ತಾರೆ. ವೃದ್ಧಾಪ್ಯದವರೆಗೆ ಕಾಯುವಷ್ಟು ಬಿಡುವು ಬಾಳಿನಲ್ಲಿ ಇದ್ದವರಿಗೆ ಹಾಗೆ ಕಾಣುವುದು ಸಹಜ.

೨೦೧೬ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಒಂದು ಪ್ರಕಟಣೆ ಹೊರಡಿಸಿ, ಮಾಲೀಕರ ಪಾಲಿನ ಹಣವನ್ನು ಐವತ್ತೆಂಟು ವಯಸ್ಸಾಗುವವರೆಗೆ ತೆಗೆಯಕೂಡದೆಂದಿತು. ನಮ್ಮ ಲೆಕ್ಕದ ಪ್ರಕಾರ ವರ್ಷಕ್ಕೆ ಮೂರೂವರೆ ಸಾವಿರ ರೂಪಾಯಿಯ ಮಾತು. ಏಪ್ರಿಲ್ ೧೮ರಂದು ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸ್ ಹೆಂಗಸರು ಯಂತ್ರ ನಿಲ್ಲಿಸಿ ಹೊಸೂರು ರಸ್ತೆಗೆ ಬಂದು ಕುಳಿತರು. ಮಾರನೆಯ ದಿನ ಪೀಣ್ಯ, ಜಾಲಹಳ್ಳಿ ಕ್ರಾಸ್‌ಗಳ ಕಡೆ ತುಮಕೂರು ರಸ್ತೆಯಲ್ಲಿಯೂ ಹಾಗೆಯೇ. ಯಾವ ದೊಡ್ಡ ಪಕ್ಷವೂ ಕರೆದಿರಲಿಲ್ಲ, ಹೆಸರಾಂತ ಮುಂದಾಳುಗಳಾರೂ ಮುಂದೆ ನಿಂತಿರಲಿಲ್ಲ. ಲಾಠಿ ಬೀಸಿದ್ದು, ಅಶ್ರುವಾಯು ಸಿಡಿಸಿದ್ದು, ಕಲ್ಲು ತೂರಿದ್ದು, ಹೆಬ್ಬಗೋಡಿಯಲ್ಲಿ ಪೊಲೀಸ್ ಠಾಣೆಯ ಬಳಿ ವಾಹನಗಳಿಗೆ ಬೆಂಕಿ ಬಿದ್ದದ್ದು ಎಲ್ಲವೂ ನಡೆಯಿತು, ಅದು ಒಪ್ಪತಕ್ಕದ್ದಲ್ಲ. ಅಂದು ಸಂಜೆಯೇ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯರು ನಿಯಮವನ್ನು ಹಿಂತೆಗೆದುಕೊಂಡಿರುವುದಾಗಿ ಸಾರಿದರು.

ಆ ಎರಡು ದಿನಗಳ ವಾಹನಸಂದಣಿಯ ವಿಷಯವಾಗಿ ನಗರದ ಜನ ಬಹಳ ಗೊಣಗಿದರು. ಕಚೇರಿಗೆ ಹೊತ್ತಾದವರು, ವಿಮಾನ ತಪ್ಪಿದವರು ಎಲ್ಲರಿಗೂ ಹೇಳಿಕೊಳ್ಳಲು ಏನಾದರೂ ಇದ್ದಿತು. ಆದರೆ ಮದುವೆಯಾದ ಹೆಣ್ಣು ತನ್ನ ಹೆಸರಿನ ಹಣಕ್ಕಾಗಿ, ಗಂಡನನ್ನೂ ಕೇಳದೆ ಸಂಘದವರನ್ನೂ ಕಾಯದೆ, ಬೀದಿಗಿಳಿದದ್ದು ನಮ್ಮ ನಾಡಿನ ಚರಿತ್ರೆಯಲ್ಲಿ ದಿನವೂ ಕಾಣುವ ಸಂಗತಿಯಲ್ಲ. ಅವರು ಕುಳಿತ ರಸ್ತೆ, ಆಸ್ಪತ್ರೆಯ ಗೇಟಿನ ಮುಂದೆ ಹಾದುಹೋಗುವ ಅದೇ ರಸ್ತೆ.

ಅವರೆಲ್ಲ ಕಾವೇರಿಗಿಂತ ಸುಖಿಗಳೆಂದು ನಾನು ಹೇಳಲಾರೆ. ಕಾವೇರಿಗೆ ಓದು ಇದ್ದಿತು, ಒಳ್ಳೆಯ ಮನೆ ಇದ್ದಿತು, ಆಳುಕಾಳುಗಳಿದ್ದರು. ಇವರಿಗೆ ಗುರಿ ಮುಟ್ಟದಿದ್ದರೆ ಮೇಲ್ವಿಚಾರಕರ ಬೈಗುಳ, ಬೆನ್ನುನೋವು, ಒಂದೇ ಕೋಣೆಯ ಬಾಡಿಗೆಮನೆ. ಹಣವಿದ್ದ ಎಡ್ನಾ ಕಡಲಿಗೆ ಹೋದಳೆಂಬುದನ್ನೂ ಮರೆಯುವಂತಿಲ್ಲ. ಲು ಷುನ್‌ನ ಚೀಲ ಎಲ್ಲಕ್ಕೂ ಮದ್ದಲ್ಲ. ಆದರೂ ಸತೀಶನ ಮನೆಯಲ್ಲಿ ಕಾವೇರಿ ಏನನ್ನು ಕೇಳಬೇಕಾದರೂ ಅದು ಅವನ ಪ್ರೀತಿಯ ಮೂಲಕವೇ ಬರಬೇಕಾಗಿದ್ದಿತು. ಬೊಮ್ಮನಹಳ್ಳಿಯವಳು ಕೇಳಿದ ೩.೬೭ಕ್ಕೆ ಯಾರ ಪ್ರೀತಿಯೂ ಬೇಕಾಗಿರಲಿಲ್ಲ. ಸದಸ್ಯತ್ವದ ಸಂಖ್ಯೆಯೊಂದು ಸಾಕಾಗಿದ್ದಿತು.

ಕಾರ್ಮಿಕ ಭವಿಷ್ಯನಿಧಿಯ ೧೯೫೨ರ ಯೋಜನೆಯಲ್ಲಿ ‘ಕುಟುಂಬ’ವೆಂದರೆ ಯಾರೆಂಬುದಕ್ಕೆ ಒಂದು ವ್ಯಾಖ್ಯೆ ಇದೆ. ಸದಸ್ಯಳು ಹೆಣ್ಣಾಗಿದ್ದರೆ ಗಂಡ, ಮಕ್ಕಳು, ಅವಳನ್ನು ಅವಲಂಬಿಸಿದ ತಾಯಿತಂದೆಗಳು, ಗಂಡನ ತಾಯಿತಂದೆಗಳು ಎಂದು ಪಟ್ಟಿ ಸಾಗುತ್ತದೆ. ಅದರ ಕೆಳಗೆ ಒಂದು ಷರತ್ತು. ಸದಸ್ಯಳು ಗಂಡನನ್ನು ತನ್ನ ಕುಟುಂಬದಿಂದ ಹೊರಗಿಡಬೇಕೆಂದು ಕಮಿಷನರಿಗೆ ಬರಹದ ಮೂಲಕ ತಿಳಿಸಿದರೆ, ಅಂದಿನಿಂದ ಆ ಯೋಜನೆಯ ಮಟ್ಟಿಗೆ ಅವನೂ ಅವನ ತಾಯಿತಂದೆಗಳೂ ಅವಳ ಕುಟುಂಬದವರಲ್ಲ. ಕಾರಣ ಹೇಳಬೇಕಾಗಿಲ್ಲ, ಸಾಕ್ಷಿ ಬೇಕಾಗಿಲ್ಲ. ಮುಂದೆ ಅವಳ ಮನಸ್ಸು ತಿರುಗಿದರೆ ಇನ್ನೊಂದು ಕಾಗದ ಬರೆದು ಮೊದಲಿನದನ್ನು ರದ್ದುಪಡಿಸಬಹುದು.